ನೀರಿಗೆ ಬಿಟ್ಟ ಸರದಿ ಪುಸ್ತಕ

ಶಿಕಾರಿಪುರ ತಾಲ್ಲೂಕಿನಲ್ಲಿ, ತಾಳಗುಂದದಿಂದ ಮೂರು ಮೈಲಿ ಆಚೆಯ ಊರಿಗೆ ಉಚ್ಚಂಗಪ್ಪ ನೀರುಗಂಟಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ದಿನ ಯಾರ ಗದ್ದೆಗೆ ನೀರು ಎಂಬ ಸರದಿ ನೋಡುವುದು ಅವರ ಕೆಲಸ. ವಯಸ್ಸು ಅರವತ್ತೊಂದು. ತಂದೆಯಿಂದ ಬಂದ ತೂಬಿನ ಬೀಗದ ಕೈ ಈಗಲೂ ಅವರ ಉಡಿದಾರದಲ್ಲಿದೆ.

ಸರದಿಯನ್ನು ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದರು. ಒಬ್ಬರು ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಇಬ್ಬರ ಹೆಬ್ಬೆಟ್ಟೂ ಅದರಲ್ಲಿ ಬೀಳಬೇಕಿತ್ತು. ಒಂಬತ್ತು ವರ್ಷದ ಹಿಂದೆ ಸೊರಬದ ಸಂಸ್ಥೆಯೊಂದು ಸರದಿಗೆಂದೇ ಮಾಡಿಸಿದ ಆ್ಯಪ್ ಕೊಟ್ಟಿತು. ಸಂಸ್ಥೆಯವರನ್ನು ಊರಿಗೆ ಕರೆತಂದವರು ಕೆರೆ ಸಮಿತಿಯ ಅಧ್ಯಕ್ಷ ಆನಂದಪ್ಪ. ಆ ವರ್ಷ ಕೆರೆ ಕೋಡಿ ಬಿದ್ದಾಗ ಬಾಗಿನದ ಮೊರದ ಜೊತೆ ಸರದಿ ಪುಸ್ತಕವನ್ನೂ ಅವರೇ ನೀರಿಗೆ ಬಿಡಿಸಿದರು. ಗಂಗಮ್ಮನಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಊರಲ್ಲಿ ಯಾರೂ ಮತ್ತೆ ಸರದಿ ಪುಸ್ತಕ ಇಡಲಿಲ್ಲ. ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ ಎಂದ ಹೆಂಡತಿ ಸಾವಿತ್ರಿಬಾಯಿಯನ್ನು ಉಚ್ಚಂಗಪ್ಪ ಗದರಿದ್ದರು.

ಕಳೆದ ಬೇಸಿಗೆ ಭತ್ತಕ್ಕೆ ಮೊದಲ ಸರದಿ ಲೋಕಮ್ಮನವರದು. ಕಾಲುವೆಯ ಕಟ್ಟಕಡೆಯಲ್ಲಿ ಅವರದು ಇಪ್ಪತ್ತು ಗುಂಟೆ ಗದ್ದೆ. ಆನಂದಪ್ಪನವರ ಸಸಿ ಬಲಿಯುತ್ತಿತ್ತು, ನಾಟಿಗೆ ನೀರು ಬೇಕಿತ್ತು. ಲೋಕಮ್ಮ ಬಿಟ್ಟುಕೊಟ್ಟರು. ಬದಲಿಗೆ ಮುಂದಿನ ವರ್ಷ ಆನಂದಪ್ಪನವರಿಗೆ ಬರಲಿದ್ದ ಮೊದಲ ನೀರು ಲೋಕಮ್ಮನಿಗೆ ಎಂದು ಮಾತಾಯಿತು. ಉಚ್ಚಂಗಪ್ಪ ಅದನ್ನು ಆ್ಯಪಿನಲ್ಲಿ ಬರೆದು, ಇಬ್ಬರನ್ನೂ ನಿಲ್ಲಿಸಿ ಫೋಟೋವನ್ನೂ ಅದರೊಳಗೇ ತೆಗೆದರು. ಹೆಬ್ಬೆಟ್ಟು ಒತ್ತಲು ಲೋಕಮ್ಮ ಕಾಗದ ಕೇಳಿದಾಗ, ಫೋನು ಮರೆಯುವುದಿಲ್ಲ ಎಂದರು.

ಆ ಹೊತ್ತಿಗಾಗಲೇ ಆ್ಯಪ್ ತೆರೆದಾಗಲೆಲ್ಲ ಇಂಗ್ಲಿಷಿನ ಒಂದು ಚೌಕ ಬರುತ್ತಿತ್ತು. ಕೆಳಗಿನ ಓಕೆ ಒತ್ತಿದರೆ ಹೋಗುತ್ತಿತ್ತು. ಒಂದೂವರೆ ವರ್ಷ ಒತ್ತಿದರು. ಡಿಸೆಂಬರಿನಲ್ಲಿ ಫೋನು ಅಪ್‌ಡೇಟ್ ಕೇಳಿತು, ಅದಕ್ಕೂ ಒತ್ತಿದರು. ಮರುದಿನ ಆ್ಯಪ್ ತೆರೆಯಲಿಲ್ಲ.

ಶಿರಾಳಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನವೀನ್ ನೋಡಿದರು. ಆ ಚೌಕ ಅಷ್ಟು ದಿನ ಹೇಳುತ್ತಿದ್ದದ್ದು ಇದನ್ನೇ, ಆ್ಯಪ್ ಹಳೆಯದಾಗಿದೆ ಎಂದು.

“ಹಳೇ ಆ್ಯಪಿಗೆ ಫೋನ್ ಕಂಪನಿ ಸಪೋರ್ಟ್ ನಿಲ್ಸೇತಿ. ಮಾಡಿದವ್ರು ತಿದ್ದಿ ಹೊಸದು ಕೊಡಬೇಕಿತ್ರೀ, ಕೊಟ್ಟಿಲ್ಲ.”

ಬರೆದದ್ದೆಲ್ಲ ಒಳಗೇ ಇದೆ, ಆದರೆ ತೆಗೆಯಲು ತಮಗೆ ಬರುವುದಿಲ್ಲ ಎಂದೂ ಅವರು ಹೇಳಿದರು. ಉಚ್ಚಂಗಪ್ಪ ಅಲ್ಲಿಂದಲೇ ಸೊರಬದ ಬಸ್ ಹತ್ತಿದರು. ಸಂಸ್ಥೆಯ ಕಚೇರಿ ಇದ್ದ ಮಹಡಿಯಲ್ಲಿ ಈಗ ಹೊಲಿಗೆ ತರಬೇತಿ ನಡೆಯುತ್ತದೆ. ಸಂಸ್ಥೆಯವರು ಕೊಟ್ಟಿದ್ದ ನಂಬರು ಚಾಲ್ತಿಯಲ್ಲಿಲ್ಲ.

ಜನವರಿಯಲ್ಲಿ ತೂಬು ಎತ್ತುವ ದಿನ ಏರಿಯ ಮೇಲೆ ಊರು ಸೇರಿತು. ಮೊದಲ ನೀರು ಲೋಕಮ್ಮನದು ಎಂದು ಉಚ್ಚಂಗಪ್ಪ ಹೇಳಿದರು.

“ಫೋನಾಗೆ ಇದ್ರೆ ತೋರ್ಸಪ್ಪ, ಈಗ್ಲೇ ಒಪ್ಕೊಂತೀನಿ,” ಎಂದರು ಆನಂದಪ್ಪ.

“ಫೋಟಕ್ಕೆ ನೀವೇ ನಿಂತಿದ್ರಲ್ರೀ.”

“ಎಷ್ಟು ಫೋಟಕ್ಕೆ ನಿಂತೀನೋ ಮಾರಾಯ. ನಂಗೆಲ್ಲಿ ನೆನಪಿರ್ತತಿ.”

ಹಿಂದಿನಿಂದ ಯಾರೋ, ಗಂಗಮ್ಮನ್ನ ಕೇಳು, ಪುಸ್ತಕ ಅಕಿ ಹತ್ರನೇ ಐತಿ ಎಂದರು. ನಗು ಎದ್ದಿತು. ಹೋದ ವರ್ಷ ಸರದಿ ಬಿಟ್ಟುಕೊಡುವ ಮಾತಾದಾಗ ಪಕ್ಕದಲ್ಲೇ ಇದ್ದ ನಾಲ್ಕು ಮಂದಿ ಆ ದಿನವೂ ಅಲ್ಲಿದ್ದರು. ಅವರೂ ನಕ್ಕರು.

ಲೋಕಮ್ಮ ಉಚ್ಚಂಗಪ್ಪನವರ ಕಡೆ ತಿರುಗಿದರು.

“ನಾ ಕಾಗದ ಕೇಳಿದ್ದೆ ಅಣ್ಣ.”

ಸರದಿ ಹೇಳಿದಾಗ ಊರು ತಮ್ಮ ಮಾತನ್ನು ನಂಬದೆ ಹೋದದ್ದು ಇದೇ ಮೊದಲು ಎಂದು ಉಚ್ಚಂಗಪ್ಪ ಹೇಳುತ್ತಾರೆ. ಆ ದಿನ ಬೀಗ ತೆಗೆದು ಆನಂದಪ್ಪನವರ ಗದ್ದೆಗೆ ನೀರು ಬಿಟ್ಟವರೂ ಅವರೇ. ಲೋಕಮ್ಮನ ಪಾಲಿಗೆ ನೀರು ಬಂದದ್ದು ಹದಿನೇಳನೇ ದಿನ. ಅಷ್ಟರಲ್ಲಿ ಅವರ ಮಡಿಯ ಸಸಿ ಅರ್ಧ ಹಳದಿಯಾಗಿತ್ತು.

ಉಚ್ಚಂಗಪ್ಪ ಈಗ ಮತ್ತೆ ಸರದಿ ಪುಸ್ತಕ ಇಟ್ಟಿದ್ದಾರೆ. ಇನ್ನೂರು ಪುಟದ್ದು. ತೆರೆಯುವ ಮೊದಲು ಕೆರೆಗೆ ಹೋಗಿ ಕಾಯಿ ಒಡೆದು ತಪ್ಪೊಪ್ಪಿಕೊಂಡು ಬಂದರಂತೆ. ಮೊದಲ ಪುಟದಲ್ಲಿ ಹೋದ ಬೇಸಿಗೆಯ ಮಾತನ್ನೇ ತಾರೀಖಿನ ಸಮೇತ ಬರೆದಿದ್ದಾರೆ. ಕೆಳಗೆ ಲೋಕಮ್ಮನ ಹೆಬ್ಬೆಟ್ಟಿದೆ. ಅದರ ಪಕ್ಕದಲ್ಲಿ ಆನಂದಪ್ಪ ಎಂದು ಬರೆದು ಜಾಗ ಬಿಟ್ಟಿದ್ದಾರೆ.