ತಗಡಿನ ರಾಕ್ಷಸ

ನನಗೆ ಮೊದಲಿನಿಂದಲೂ ಖಳನಾಯಕನೇ ಇಷ್ಟ. ಮುಚ್ಚಿಟ್ಟು ಏನು ಮಾಡಲಿ? ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಒಮ್ಮೆ ಪಾಠದ ಪುಸ್ತಕದೊಳಗೆ ಕಾಮಿಕ್ಸ್ ಬಚ್ಚಿಟ್ಟು ಓದುತ್ತಿದ್ದ ಹುಡುಗಿಯೊಬ್ಬಳಿಂದ ಅದನ್ನು ಕಿತ್ತುಕೊಂಡೆ. ಸ್ಟಾಫ್ ರೂಮಿಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ ಕೂತು, ನಾನೇ ಓದಿ ಮುಗಿಸಿದೆ. ಅದರಲ್ಲಿ ಒಬ್ಬ ಖಳನಾಯಕ. ಮೈತುಂಬ ಕಬ್ಬಿಣದ ಕವಚ, ಬಲಗೈಯಲ್ಲಿ ಬೆಂಕಿ, ಎಡಗೈಯಲ್ಲಿ ಗರಗಸ, ಎದೆಯ ಮೇಲೆ ಕೆಂಪು ದೀಪ. ನಾಯಕನಿಗೆ ಶಕ್ತಿ ಪುಕ್ಕಟೆ ಬಂದಿತ್ತು, ಆಕಾಶದಿಂದ ಯಾವುದೋ ಕಲ್ಲು ಬಿದ್ದು. ಇವನೋ ಪಾಪ, ಸುತ್ತಿಗೆ ಹಿಡಿದು, ಬೆಸುಗೆ ಹಾಕಿ, ನಾಲ್ಕು ಪುಟ ಬೆವರು ಸುರಿಸಿ ತನ್ನ ಶಕ್ತಿಯನ್ನು ತಾನೇ ಮಾಡಿಕೊಂಡವನು. ಒಬ್ಬ ಮನುಷ್ಯನ ಸಿಟ್ಟಿಗೆ ಅಷ್ಟು ಶಿಸ್ತು ಇರುವುದನ್ನು ಕಂಡು ನನಗೆ ಗೌರವವೇ ಬಂತು. ಕೊನೆಯಲ್ಲಿ ಅವನು ಸೋತಾಗ ಬಹಳ ಪಿಚ್ಚೆನಿಸಿತು.

ಆ ವರ್ಷ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಶಿಕ್ಷಕರದೂ ಒಂದು ನಾಟಕ ಇರಲಿ ಎಂದಾಯಿತು. ನಾನು ಆ ಕಾಮಿಕ್ಸ್ ಕಥೆಯನ್ನೇ ಮುಂದಿಟ್ಟೆ. ಪಿ.ಟಿ. ಸರ್ ಅಂಗಿಯ ತೋಳು ಮಡಚಿ ತಾವೇ ನಾಯಕ ಎಂದು ಸಾರಿಬಿಟ್ಟರು. ಖಳನಾಯಕನ ಪಾತ್ರಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ.

"ನಾ ಮಾಡ್ತೀನ್ರಿ" ಎಂದೆ.

ಕನ್ನಡ ಸರ್ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. "ನೀವ? ರಾಕ್ಷಸನ ಪಾರ್ಟ? ಮೇಡಂ, ಅದು ನಿಮ್ಗ ಒಪ್ಪತದೇನ್ರಿ?"

"ಹತ್ತನೇ ಕ್ಲಾಸಿನ ಹುಡುಗರನ್ನ ಕೇಳ್ರಿ ಸರ್. ಒಪ್ಪತದೋ ಇಲ್ಲೋ ಅವ್ರೇ ಹೇಳ್ತಾರ."

ಜಂಬವೇನೋ ಕೊಚ್ಚಿದೆ. ಆದರೆ ಕವಚ? ಅಂಥದ್ದನ್ನು ಮಾಡಬಲ್ಲವರಲ್ಲಿ ನನಗೆ ಗೊತ್ತಿದ್ದವನು ಒಬ್ಬನೇ, ದುಬಲಗುಂಡಿಯಲ್ಲಿರುವ ನಮ್ಮಪ್ಪ. ಹಗಲೆಲ್ಲ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಅಪ್ಪ ರಾತ್ರಿ ಊರ ಬಯಲಿನಲ್ಲಿ ನಡೆಯುವ ದೊಡ್ಡಾಟದಲ್ಲಿ ರಾಕ್ಷಸನ ವೇಷ ಹಾಕುತ್ತಿದ್ದ. ತನ್ನ ಭುಜಕೀರ್ತಿ, ಎದೆಕಟ್ಟು, ಕಿರೀಟ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಅಪ್ಪ ಬಂದು ನಿಂತರೆ ಮುಂದೆ ಕೂತ ಮಕ್ಕಳು ತಾಯಂದಿರ ಸೆರಗಿನೊಳಗೆ ನುಗ್ಗುತ್ತಿದ್ದರು. ನಾನು ನುಗ್ಗುತ್ತಿರಲಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಹನ್ನೊಂದು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅಪ್ಪನ ವೇಷದ ಪೆಟ್ಟಿಗೆ ತೆರೆದು ಎದೆಕಟ್ಟನ್ನು ಕಟ್ಟಿಕೊಂಡೆ. ಅಪ್ಪ ಹೊಲದಿಂದ ಬಂದವನು ನೋಡಿ ಕಪಾಳಕ್ಕೆ ಬಾರಿಸಿದ. "ಹೆಣ್ಮಕ್ಕಳು ಮುಟ್ಟೋ ಸಾಮಾನಲ್ಲ ಇದು!" ಅಪ್ಪನ ದೊಡ್ಡಾಟದ ಮೇಳದ ಕಟ್ಟಳೆಯೇ ಹಾಗೆ, ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡಬೇಕು. ಏಟು ಮರೆತೆ. ಆ ಮಾತು ಮರೆಯಲಾಗಲಿಲ್ಲ. ಇಷ್ಟು ವಯಸ್ಸಾದ ಮೇಲೂ ನನ್ನದು ಅದೊಂದೇ ಹಟ: ಈ ವೇಷಕ್ಕೆ ನೀನು ತಕ್ಕವಳು ಎಂದು ಅಪ್ಪ ಒಪ್ಪಬೇಕು.

ಆದರೆ ನೇರವಾಗಿ ಕೇಳುವ ಧೈರ್ಯ ಎಲ್ಲಿತ್ತು? ಭಾನುವಾರ ಬಸ್ಸು ಹತ್ತಿ ಊರಿಗೆ ಹೋಗಿ, ನಾಟಕದ ಕಥೆ ಹೇಳಿ, ಕವಚ ಮಾಡಿಕೊಡು ಎಂದೆ. ಜೊತೆಗೊಂದು ಹಸಿಹಸಿ ಸುಳ್ಳು ಹೇಳಿದೆ.

"ನಮ್ಮ ಸಾಲ್ಯಾಗ ಒಬ್ರು ಸರ್ ಅದಾರ ಯಪ್ಪಾ. ಅವ್ರು ಹಾಕ್ಕೋತಾರ."

"ಅಳತಿ ತಂದೀಯೇನು?"

"ಹೆಚ್ಚುಕಮ್ಮಿ ನನ್ನಷ್ಟೇ ಅದಾರ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸುತಳಿ ತಂದು ನನ್ನ ತೋಳು, ಭುಜ, ಮೊಣಕಾಲು ಅಳೆದು ಗಂಟು ಹಾಕಿಕೊಂಡ.

ಅಬ್ಬಬ್ಬಾ, ಆ ಕೆಲಸ ನೋಡಬೇಕಿತ್ತು! ಎಣ್ಣೆಯ ಖಾಲಿ ಡಬ್ಬಿಗಳನ್ನು ಕತ್ತರಿಸಿ, ಅಂಚು ಕೊಯ್ಯಬಾರದೆಂದು ಸುತ್ತಲೂ ಮಡಚಿ ಬಡಿದ. ಮೊಣಕೈ, ಮೊಣಕಾಲು ಬಗ್ಗುವ ಕಡೆಯೆಲ್ಲ ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ. ಬಸವಕಲ್ಯಾಣದ ಲಾರಿ ಗ್ಯಾರೇಜುಗಳಿಗೆ ತಾನೇ ಹೋಗಿ ಹಿಂದಿನ ದೀಪದ ಕೆಂಪು ಗಾಜು, ಹಳೆಯ ಕ್ಲಚ್ ವೈರು ಹುಡುಕಿ ತಂದ. ಗಾಜು ಎದೆಗೆ ಹೋಯಿತು. ಬಲಗೈಯೊಳಗೆ ಸೈಕಲ್ ಪಂಪು ಕೂರಿಸಿ, ಗುಲಾಲು ತುಂಬಿ, ವೈರು ಎಳೆದರೆ ಭುಸ್ ಎಂದು ಕೆಂಪು ಹೊಗೆ ಹಾರುವಂತೆ ಮಾಡಿದ. ಭೌತಶಾಸ್ತ್ರ ಕಲಿಸುವ ನಾನು ಬಾಯಿ ತೆರೆದು ನಿಂತಿದ್ದೆ. ಕಾಮಿಕ್ಸಿನವನಿಗೆ ದೊಡ್ಡ ಪ್ರಯೋಗಾಲಯವೇ ಇತ್ತು, ನಮ್ಮಪ್ಪನಿಗೆ ಒಂದು ಕತ್ತರಿ, ಒಂದು ಸುತ್ತಿಗೆ.

ಭಾನುವಾರ ಭಾನುವಾರ ಅದನ್ನು ನನ್ನ ಮೈಮೇಲೆ ತೊಡಿಸಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಕಲಿಸತೊಡಗಿದ. ಆದರೆ ಕಲಿಸಿದ್ದು ನನಗಲ್ಲ, ಆ ಸರ್‌ಗೆ!

"ಆ ಸರ್‌ಗ ಹೇಳವ್ವ, ಹಿಂಗ ಬಾತುಕೋಳಿ ಹಂಗ ನಡೀಬ್ಯಾಡ್ರಿ ಅಂತ. ಸೊಂಟದಿಂದ ಹೆಜ್ಜಿ ಬರಬೇಕು. ಹಾಂ, ಈಗ ಬರೋಬ್ಬರ್."

"ಹೇಳ್ತೀನಿ ಯಪ್ಪಾ."

"ಆ ಸರ್‌ಗ ದಮ್ ಕಡಿಮಿ ಅದ. ಮಾತು ಹೊಟ್ಟಿಂದ ಬರಬೇಕು. ಇನ್ನೊಮ್ಮಿ ಅನ್ನು... ಅನ್ನಾಕ ಹೇಳು."

ನಾನೂ ಹೇಳುತ್ತೇನೆ ಹೇಳುತ್ತೇನೆ ಎಂದು ತಲೆಯಾಡಿಸಿದ್ದೇ ಆಡಿಸಿದ್ದು. ಇಬ್ಬರಿಗೂ ಎಲ್ಲ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ನನಗೆ ಒಳಗೊಳಗೇ ಸಂತೋಷ, ಒಳಗೊಳಗೇ ಸಂಕಟ.

ಒಂದು ವಿಷಯಕ್ಕೆ ಮಾತ್ರ ಅಪ್ಪ ಸಿಡಿಮಿಡಿಗೊಂಡ. ಕಥೆಯಲ್ಲಿ ಖಳನಾಯಕ ಗೋಡೆ ಒಡೆದು ನೇರ ಒಳಗೆ ಬರುತ್ತಾನೆ. ದೊಡ್ಡಾಟದಲ್ಲಿ ಹಾಗೆ ಬರುವಂತಿಲ್ಲ. ಪರದೆ ಹಿಂದೆ ನಿಲ್ಲಬೇಕು. ಆಟ ನಡೆಸಿಕೊಡುವ ಸಾರಥಿಯು, ನೀನು ಯಾರು, ಯಾವ ದೇಶ, ಯಾರ ಮಗ ಎಂದು ಕೇಳಬೇಕು. ರಾಕ್ಷಸ ತನ್ನ ಹಿರಿಮೆ ಹೇಳಿಕೊಂಡ ಮೇಲೆಯೇ ಪರದೆ ಸರಿಯಬೇಕು.

"ಕೇಳೋದಕ್ಕಿಂತ ಮೊದಲ ಒಳಗ ಬರಾವ ಕಳ್ಳ. ಅವ ರಾಕ್ಷಸ ಅಲ್ಲ" ಎಂದು ಅಪ್ಪ ಮಾತುಗಳನ್ನೂ ತಾನೇ ಕಟ್ಟಿ ಬರೆಸಿದ. ಯಾರ ಮಗ ಎಂಬುದಕ್ಕೆ, "ಹಡೆದವರಿಲ್ಲದೆ ಬೆಂಕಿಯಲ್ಲಿ ಹುಟ್ಟಿದವನು" ಎನ್ನಬೇಕು. ಕನ್ನಡ ಸರ್ ಸಾರಥಿಯಾಗಲು ಒಪ್ಪಿಕೊಂಡರು. ಗ್ಯಾದರಿಂಗಿಗೆ ಬಾ ಎಂದು ನಾನು ಅಪ್ಪನನ್ನು ಕರೆಯಲಿಲ್ಲ. ಬಂದು ಎಲ್ಲರ ಮುಂದೆ ಮುಖ ತಿರುಗಿಸಿ ಎದ್ದು ಹೋದರೆ ಏನು ಗತಿ?

ಗ್ಯಾದರಿಂಗಿನ ಸಂಜೆ ಇಬ್ಬರು ಹುಡುಗಿಯರು ಪರದೆ ಹಿಡಿದರು. ನಾನು ಹಿಂದೆ ತಗಡಿನೊಳಗೆ ಬೇಯುತ್ತ ನಿಂತೆ. ಸರಿಯಾಗಿ ಅದೇ ಹೊತ್ತಿಗೆ, ತಡವಾಗಿದ್ದ ಮುಖ್ಯ ಅತಿಥಿಗಳ ಕಾರು ಗೇಟಿನೊಳಗೆ ಬಂತು. ನಮ್ಮ ಸಾರಥಿ ಮೈಕು ಕೆಳಗಿಟ್ಟು ಹೂಮಾಲೆ ಹಿಡಿದು ಓಡಿದರು! ನನ್ನನ್ನು ಕೇಳುವವರೇ ಇಲ್ಲ.

"ಮೇಡಂ, ಬರ್ರಿ ಹೊರಗ!" ಪಿ.ಟಿ. ಸರ್ ಆ ಕಡೆಯಿಂದ ಪಿಸುಗುಟ್ಟಿದರು.

"ಮೊದಲ ಕೇಳ್ರಿ!"

"ಏನ್ ಕೇಳ್ಲಿ?"

"ನಾ ಯಾರು ಅಂತ ಕೇಳ್ರಿ!"

"ನೀವ್ ಸೈನ್ಸ್ ಮೇಡಂ ಅಲ್ರಿ!"

ಸುಮ್ಮನೆ ಬಂದುಬಿಟ್ಟಿದ್ದರೆ ಆಗುತ್ತಿತ್ತು. ಬರಲಿಲ್ಲ. ಕೇಳುವ ಮೊದಲೇ ಒಳಗೆ ಬರುವವನು ಕಳ್ಳ ಎಂದು ಅಪ್ಪ ಹೇಳಿದ್ದನಲ್ಲ. ಹುಡುಗರು ಶಿಳ್ಳೆ ಹಾಕತೊಡಗಿದರು, ಯಾರೋ ನಕ್ಕರು. ಬೆವರು ಕಣ್ಣಿಗಿಳಿಯಿತು. ಇದು ಹೆಂಗಸರ ಕೆಲಸವಲ್ಲ ಎಂದು ಇಡೀ ಹುಮನಾಬಾದೇ ಆಡಿಕೊಳ್ಳುತ್ತದೆ ಎನಿಸಿ ಅಳು ಬಂತು.

ಆಗ ಪಾಲಕರು ಕೂತಿದ್ದ ಕಡೆಯಿಂದ, ಎಲ್ಲೋ ಹಿಂದಿನ ಸಾಲಿನಿಂದ, ಮೈಕಿಲ್ಲದ ಒಂದು ದನಿ ಎದ್ದಿತು.

"ಬಂದಂಥವರು ದಾರು?"

ಶಿಳ್ಳೆಗಳು ನಿಂತವು. ಅಪ್ಪನ ದನಿ, 'ಯಾರು' ಎಂಬುದನ್ನು 'ದಾರು' ಎನ್ನುವ ಅದೇ ದೊಡ್ಡಾಟದ ಧಾಟಿ! ಯಾವ ಬಸ್ಸಿಗೆ ಬಂದನೋ, ಎಷ್ಟು ಹೊತ್ತಿನಿಂದ ಕೂತಿದ್ದನೋ. ನಾನು ಹೊಟ್ಟೆಯಿಂದ ದನಿ ತೆಗೆದು, ಅಪ್ಪ ಬರೆಸಿದ ಹಾಗೆ, ಕವಚಕ್ಕೆ ಒಡೆಯ, ಬೆಂಕಿಗೆ ಒಡೆಯ ಎಂದು ಹಿರಿಮೆಯನ್ನೆಲ್ಲ ಹೇಳಿಕೊಂಡೆ.

"ದಾವ ದೇಶ?"

ಕಬ್ಬಿಣದ ಕೋಟೆ ಎಂದೆ. ಚಪ್ಪಾಳೆ ಬಿದ್ದವು. ಮೂರನೆಯ ಪ್ರಶ್ನೆಗೆ ಅಪ್ಪ ದನಿ ಇನ್ನೂ ಏರಿಸಿದ. ಎಲ್ಲರಿಗೂ ಕೇಳುವಂತೆ ಕೇಳಿದ.

"ಯಾರ ಮಗಳು?"

ಬೆಂಕಿಯಲ್ಲಿ ಹುಟ್ಟಿದವನು ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಹೇಳಲಿಲ್ಲ. ನಮ್ಮಪ್ಪನ ಹೆಸರು ಹೇಳಿದೆ, ನಮ್ಮೂರಿನ ಹೆಸರು ಹೇಳಿದೆ, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಪರದೆ ಸರಿಯಿತು, ನಾನು ಒಳಗೆ ಬಂದೆ.