ಮೂರು ಬಂದೂಕು, ಒಂದೇ ಭುಜ

ನಮ್ಮ ಯಜಮಾನರು ಬಂದೂಕು ಪರೀಕ್ಷೆ ಮಾಡುವ ಮೈದಾನದಲ್ಲಿ ಗುಂಡು ಹಾರಿಸುವ ಕೆಲಸದಲ್ಲಿದ್ದರು. ಯುದ್ಧಕ್ಕೆ ಹೋದವರಲ್ಲ. ಜೀವಮಾನವೆಲ್ಲ ಕಬ್ಬಿಣದ ಹಲಗೆಗೆ ಹೊಡೆದವರು. ಎಂಥ ಬಂದೂಕು ಒದ್ದರೂ ಕದಲುವುದಿಲ್ಲ ಅಂತ ಅಲ್ಲಿ ಅವರಿಗೆ ‘ಗೋಡೆ’ ಎಂದು ಹೆಸರಿಟ್ಟಿದ್ದರು.

ಆ ವರ್ಷ ಮೂರು ದೇಶಗಳಿಂದ ಮೂರು ದೊಡ್ಡ ಬಂದೂಕು ಬಂದವು. ದೂರದಲ್ಲಿ ನಿಂತ ಲಾರಿಯ ಇಂಜಿನ್ನು, ರೇಡಾರು, ಇಂಥವನ್ನು ಕೆಡಿಸುವುದಕ್ಕೆ ಮಾಡಿದವು. ಯಾವುದನ್ನು ಕೊಳ್ಳಬೇಕು ಅಂತ ಹೋಲಿಸಿ ನೋಡಬೇಕಿತ್ತು. ಅದಕ್ಕೊಂದು ಕಟ್ಟಳೆ. ಮೂರನ್ನೂ ಒಬ್ಬನೇ ಹಾರಿಸಬೇಕು. ಆಳು ಬದಲಾದರೆ ಗುರಿ ತಪ್ಪಿದ್ದು ಬಂದೂಕಿನಿಂದಲೋ ಮನುಷ್ಯನಿಂದಲೋ ತಿಳಿಯುವುದಿಲ್ಲ. ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ.

ಮೊದಲನೆಯದು ಕಡಲಾಚೆಯ ದೊಡ್ಡ ದೇಶದ್ದು. ಬೆರಳಲ್ಲಿ ಕುದುರೆ ಒತ್ತಿದಷ್ಟು ಸಲವೂ ಗುಂಡು ಹಾರುತ್ತಿತ್ತು. ಎರಡನೆಯದು ಹಿಮದ ದೇಶದ್ದು, ಒಂದೊಂದು ಗುಂಡಿಗೂ ಅದರ ಚಿಲಕವನ್ನು ಕೈಯಲ್ಲಿ ಎಳೆದು ತಳ್ಳಬೇಕು.

“ಹೇಗಿವೆ ರೀ?” ಅಂದೆ ಊಟಕ್ಕೆ ಬಡಿಸುತ್ತ.

“ಮೊದಲನೇದು ನಿಮ್ಮಮ್ಮನ ಥರ ಕಣೇ. ಸದ್ದು ಜಾಸ್ತಿ, ಒದೆ ಕಮ್ಮಿ, ಮಾತು ಎಲ್ಲೆಲ್ಲೋ ಬೀಳುತ್ತೆ. ಎರಡನೇದು ನಿನ್ನ ಥರ. ಒಂದೇ ಮಾತು, ನೆಟ್ಟಗೆ ಎದೆಗೆ.”

ಕೈ ತೊಳೆಯಲು ಎದ್ದವರು ಗೋಡೆ ಹಿಡಿದು ನಿಂತರು. ಬಲಗಣ್ಣಿನ ಮುಂದೆ ಕಪ್ಪು ದಾರಗಳು ತೇಲುತ್ತಿವೆ, ಮಿಂಚು ಹೊಡೆದ ಹಾಗಾಗುತ್ತಿದೆ ಅಂದರು. ಬಲಗಣ್ಣಿನಲ್ಲೇ ಅವರು ಗುರಿ ಹಿಡಿಯುತ್ತಿದ್ದದ್ದು.

ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. “ಒಳಗಿನ ಪರದೆ ಹರಿಯುತ್ತಾ ಇದೆ. ತಲೆಗೆ ಇನ್ನೊಂದು ಏಟೂ ಬೀಳಬಾರದು. ಇವತ್ತೇ ಸೇರಿಕೊಳ್ಳಿ.”

“ನಾಡಿದ್ದು ಬರ್ತೀನಿ ಮೇಡಂ,” ಅಂದರು ಇವರು.

ಹೊರಗೆ ಬಂದ ಮೇಲೆ ಕೇಳಿದೆ, “ನಾಡಿದ್ದು ಯಾಕ್ರೀ?”

“ಮೂರನೇದು ಬಾಕಿ ಇದೆಯಲ್ಲ.”

“ಬೇರೆಯವರು ಹೊಡೀಲಿ.”

“ಆಮೇಲೆ ಮೂರನ್ನೂ ಮತ್ತೆ ಹೊಡೀಬೇಕು. ಗೋಡೆ ಬಿತ್ತು ಅಂತ ನಗ್ತಾರೆ.”

“ಗೋಡೆಗೂ ಕಿವಿ ಇರುತ್ತಂತೆ. ನಿಮಗೆ ಅದೂ ಇಲ್ಲ,” ಅಂದೆ. ಅವರು ಬಸ್ಸು ಬರುತ್ತಾ ಅಂತ ನೋಡುತ್ತಿದ್ದರು.

ಮೂರನೆಯದು ಬೆಟ್ಟದ ಪುಟ್ಟ ದೇಶದ್ದು. ಗುಂಡು ಇನ್ನೂ ದಪ್ಪ, ಹೊರಲು ಇಬ್ಬರು ಬೇಕಂತೆ. ಮಾರನೆಯ ದಿನ ಮಲಗಿ, ಮರಳಿನ ಚೀಲದ ಮೇಲೆ ಕೈ ಊರಿ, ಅಷ್ಟೂ ಗುಂಡು ಹಾರಿಸಿ ಮುಗಿಸಿದರು. ಮೊದಲು ಹೊಡೆದವು ಹಲಗೆಗೆ ತಾಗಿದವು. ಕೊನೆಕೊನೆಯವು ಮಣ್ಣಿಗೆ ಹೋದವು. ಸಂಜೆ ಅವರ ಜೊತೆಯವನೊಬ್ಬ ತೋಳು ಹಿಡಿದು ಮನೆ ಬಾಗಿಲವರೆಗೂ ಕರೆತಂದ. ಬಲಗಡೆ ಪರದೆ ಇಳಿದ ಹಾಗೆ ಕತ್ತಲೆ ಅಂದರು. ನಾನು ಚಪ್ಪಲಿ ಹಾಕಿಕೊಂಡು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟೆ.

ಆಪರೇಷನ್ ಆಯಿತು. ಕಣ್ಣು ಬರಲಿಲ್ಲ.

ಮೈದಾನದ ಸಾಹೇಬರು ಆಸ್ಪತ್ರೆಗೆ ಬಂದರು. ಮಂಚದ ಪಕ್ಕ ಕೂತು, “ಮೂರನೇ ಬಂದೂಕು ಪ್ರಯೋಜನವಿಲ್ಲ ಬಿಡಯ್ಯಾ, ಕೊನೆಗೆ ಗುರಿಯೇ ಹಿಡೀಲಿಲ್ಲ,” ಅಂದರು.

ಇವರು, “ಅದು ಬಂದೂಕಿನ ತಪ್ಪಲ್ಲ ಸಾರ್. ಆಗ ನನಗೆ ಹಲಗೆ ಕಾಣ್ತಿರಲಿಲ್ಲ,” ಅಂದರು.

“ಹೊಡೆಯೋ ಮೊದಲೇ ಹೇಳಬಾರದಾಗಿತ್ತೇನಯ್ಯಾ?”

“ಹೇಳಿದ್ರೆ ಮತ್ತೆ ಮೊದಲಿಂದ ಮಾಡ್ಬೇಕಿತ್ತು ಸಾರ್.”

“ಈಗಲೂ ಮೊದಲಿಂದಲೇ.”

ಮುಂದಿನ ತಿಂಗಳು ಬೇರೆಯವನು ಮೂರನ್ನೂ ಹಾರಿಸಿದ. ಯಾವುದನ್ನು ಕೊಂಡರೋ ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. ನಾನು ಬಟ್ಟೆ ತಂದು ಒರೆಸುತ್ತಿದ್ದೆ. ಅವರು ಇನ್ನೊಂದು ಸಲ ಬಗ್ಗಿಸುತ್ತಿದ್ದರು.