ಬೊಳ್ಳಿಯ ಹೊಟ್ಟೆಗೆ ಬನ್ಸಿನ ಸೋಡಾ

ಇವತ್ತು ಬನ್ಸಿಗೆಂದು ಬಾಳೆಹಣ್ಣು ಕಿವುಚಿ ಸೋಡಾಪುಡಿಯ ಡಬ್ಬಿ ತೆರೆದದ್ದೇ ತಡ, ನನಗೆ ನಗು ಬಂತು. ಬನ್ಸಿಗೆ ಒಂದು ಚಿಟಿಕೆ ಸಾಕು. ಹಿಂದೊಮ್ಮೆ ಇಡೀ ಡಬ್ಬಿಯೇ ದನದ ಹಟ್ಟಿಗೆ ಹೋಗಿತ್ತು.

ನಾನು ಮದುವೆಯಾಗಿ ಕಕ್ಕಿಂಜೆಗೆ ಬಂದ ಹೊಸತು. ಅತ್ತೆಗೆ ತಮ್ಮ ದನ ಬೊಳ್ಳಿ ಎಂದರೆ ಪ್ರಾಣ. ಅದನ್ನು ಬಿಟ್ಟು ಎಲ್ಲಿಯೂ ಉಳಿದವರಲ್ಲ. ಮೂಡುಬಿದಿರೆಯಲ್ಲಿರುವ ಮಗಳು ಹತ್ತು ಸಲ ಕರೆದ ಮೇಲೆ, ಎಂಟು ದಿನಕ್ಕೆಂದು ಹಟ್ಟಿಯನ್ನು ನನಗೆ ಒಪ್ಪಿಸಿ ಹೊರಟರು. ಸೊಸೆಯ ಕೈಗುಣ ತೋರಿಸಲು ಇನ್ನೇನು ಬೇಕು? ಹಿಂಡಿ ದುಪ್ಪಟ್ಟು ಮಾಡಿದೆ. ಜೊತೆಗೆ ಒಂದು ಪಾತ್ರೆ ಕುಚ್ಚಲಕ್ಕಿ ಅನ್ನ, ಒಂದು ಅಚ್ಚು ಬೆಲ್ಲ. ನೆಂಟರು ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವ ಜಾತಿ ನನ್ನದು, ನಿಮಗೂ ಗೊತ್ತಿರಬಹುದು ಅಂಥವರು.

ಹಾಲು ಏರಿತು. ಅತ್ತೆ ಫೋನಿನಲ್ಲಿ ಕೇಳುತ್ತಿದ್ದದ್ದು ಮಾತ್ರ ಬೇರೆಯೇ.

“ಬೊಳ್ಳಿ ಮೆಲುಕು ಹಾಕ್ತದಾ?”

“ಅತ್ತೆ, ಹಾಲು ಒಂದು ಲೀಟರ್ ಜಾಸ್ತಿ ಉಂಟು.”

“ಅದಲ್ಲ ಮಾರಾಯ್ತಿ. ಮೆಲುಕು?”

ಮೂರನೆಯ ಬೆಳಿಗ್ಗೆ ಬೊಳ್ಳಿ ಬೈಹುಲ್ಲನ್ನು ಮೂಸಲೂ ಇಲ್ಲ, ದವಡೆ ಆಡಿಸಲೂ ಇಲ್ಲ. ಕೂಡಲೇ ದನದ ಡಾಕ್ಟ್ರಿಗೆ ಫೋನು ಮಾಡಿದೆ. ಇದಕ್ಕೇನಾದರೂ ಆದರೆ ಅತ್ತೆ ಇನ್ನು ಮನೆ ಬಿಟ್ಟು ಹೊರಡುವವರಲ್ಲ, ನನ್ನನ್ನು ನಂಬುವವರೂ ಅಲ್ಲ.

ಬೆಳ್ತಂಗಡಿಯಿಂದ ಬಂದ ದನದ ಡಾಕ್ಟ್ರು ಅದರ ಎಡಹೊಟ್ಟೆಗೆ ಮುಷ್ಟಿ ಒತ್ತಿ ನಿಂತರು. “ಅಕ್ಕಾ, ನೀವು ತಿನ್ನಿಸುವುದು ದನಕ್ಕೆ ಮಾತ್ರ ಅಲ್ಲ. ಒಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳುಂಟು, ಹುಲ್ಲು ಕರಗಿಸುವುದು ಅವೇ. ಅನ್ನ, ಬೆಲ್ಲ ಒಮ್ಮೆಲೇ ಸುರಿದ್ರೆ ಹೊಟ್ಟೆ ಹುಳಿಯಾಗ್ತದೆ, ಪಾಪ, ಅವು ಸಾಯ್ತವೆ. ಹಿಂಡಿ ಬೇಡ ಅಂತಲ್ಲ. ಹುಲ್ಲಿನ ಒಟ್ಟಿಗೆ, ಸ್ವಲ್ಪ ಸ್ವಲ್ಪ. ಈಗ ಸೋಡಾ ಉಂಟಾ?”

ಓಡಿ ಹೋಗಿ ಡಬ್ಬಿ ತಂದೆ. ಅವರು ಅದನ್ನು ನೀರಿನಲ್ಲಿ ಕದಡಿ ಕುಡಿಸಿದರು. ಸಂಜೆಯವರೆಗೂ ನಾನು ಹಟ್ಟಿಯಲ್ಲೇ ಕೂತೆ. ಕೊನೆಗೆ ಬೊಳ್ಳಿ ಒಂದು ದೊಡ್ಡ ತೇಗು ತೇಗಿ, ನಿಧಾನವಾಗಿ ದವಡೆ ಆಡಿಸತೊಡಗಿತು. ಯಾರ ತೇಗಿಗೂ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ. ಫೋನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ; ಮರುದಿನ ಮೊದಲ ಬಸ್ಸಿಗೇ ಬಂದುಬಿಟ್ಟರು. ಆಮೇಲೆ ಎಷ್ಟೋ ವರ್ಷ ಮಗಳ ಮನೆಗೆ ಹೋದರೂ ಸಂಜೆಗೆ ವಾಪಸ್.

ಈ ಸಲ ಮಾತ್ರ ಹೋಗಿ ಎರಡು ದಿನವಾಯಿತು. ಕೈಯೆಲ್ಲ ಹಿಟ್ಟಾಗಿರುವಾಗಲೇ ಅತ್ತೆಯ ಫೋನು ಬಂತು. ಅವರು ಕೇಳುವ ಮೊದಲೇ ಹಟ್ಟಿಗೆ ಹೋಗಿ, ಬೊಳ್ಳಿಯ ಮೊಮ್ಮಗಳ ದವಡೆಯ ಹತ್ತಿರ ಫೋನು ಹಿಡಿದೆ. ಹುಲ್ಲು ಅರೆಯುವ ಸದ್ದನ್ನು ಅತ್ತೆ ಬಹಳ ಹೊತ್ತು ಕೇಳಿದರು.

“ಹಾಗಾದ್ರೆ,” ಎಂದರು, “ನಾನು ಇನ್ನೊಂದು ವಾರ ಇಲ್ಲೇ ಇರ್ತೇನೆ.”